‘ಅಸಿಂಧು’ ಎಂದು ಬರೆಯುವ ಮೊದಲು

ಪ್ರಿಯ ಮಿತ್ರರೇ,

ನೀವು ಕಳಿಸಿದ ‘ಯೋಗ್ಯರು ಯಾರು?’ ಲೇಖನ ಓದಿದೆ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಯಾವ ಹೊಣೆಗೆ ಯಾರು ಅರ್ಹರು, ಯಾರು ಅಲ್ಲ ಅನ್ನೋದು ನಿಮ್ಮ ವಿಷಯ. ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಮ್) ಮಗುವಿನ ವಿಶ್ವಾಸಕ್ಕೆ ಹೊಣೆಯಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿಯಿಂದ ಶುರುಮಾಡಿ ಗುರುಗಳು (ಪಾದ್ರಿಗಳು), ಬಿಷಪ್‌ವರೆಗೂ ಹೋಗಿದ್ದೀರಿ. ಕನ್ನಡದಲ್ಲಿ ಇದನ್ನು ಬರೆಯುವವರು ಕಡಿಮೆ. ಭಾಷೆ ಸಲೀಸಾಗಿದೆ. ನಿಮ್ಮ ಚಿಕ್ಕಮ್ಮನಿಗೆ ದೃಢೀಕರಣ (ಜ್ಞಾನಸ್ನಾನದ ನಂತರ ವಿಶ್ವಾಸವನ್ನು ಗಟ್ಟಿ ಮಾಡುವ ಸಂಸ್ಕಾರ) ಆಗಿಲ್ಲ ಅಂತ ಚರ್ಚ್ ಆಫೀಸಿನಲ್ಲಿ ಜ್ಞಾನತಾಯಿಯಾಗಿ ಅವರ ಹೆಸರನ್ನು ಬರೆದುಕೊಳ್ಳದೆ ಬಿಟ್ಟ ಭಾಗ ಚೆನ್ನಾಗಿ ಬಂದಿದೆ.

ಆದರೆ ಈ ಲೇಖನವನ್ನು ಹೀಗೇ ಅಚ್ಚು ಹಾಕಲಾರೆ. ಓದುತ್ತಾ ಓದುತ್ತಾ ನನಗೆ ಸಿಟ್ಟೇ ಬಂತು. ಯಾಕೆ ಅಂತ ಸಾಲು ಹಿಡಿದು ಹೇಳುತ್ತೇನೆ.

ಎರಡನೇ ಪುಟದಲ್ಲಿ ಬರೆದಿದ್ದೀರಿ: “ದೃಢೀಕರಣ ಆಗದವರು ಜ್ಞಾನತಾಯಿಯಾಗಿ ನಿಂತರೆ ಆ ಜ್ಞಾನಸ್ನಾನವೇ ಅಸಿಂಧು.” ಇದು ತಪ್ಪು. ಸಣ್ಣ ತಪ್ಪಲ್ಲ. ನಮ್ಮ ಪತ್ರಿಕೆ ಓದುವ ಯಾವುದೋ ಮನೆಯಲ್ಲಿ ಒಬ್ಬ ತಾಯಿ ಈ ಸಾಲು ಓದುತ್ತಾಳೆ ಅಂದುಕೊಳ್ಳಿ. ಹತ್ತು ವರ್ಷದ ಹಿಂದೆ ತನ್ನ ಮಗುವಿಗೆ ನಿಂತ ಅತ್ತಿಗೆಗೆ ದೃಢೀಕರಣ ಆಗಿತ್ತೋ ಇಲ್ಲವೋ ಅಂತ ಆ ರಾತ್ರಿ ಅವಳಿಗೆ ನಿದ್ದೆ ಬರುವುದಿಲ್ಲ. ಕಾನೂನು ಹೇಳದ ಭಯವನ್ನು ನೀವು ಅವಳ ಮನೆಗೆ ಕಳಿಸಿದ್ದೀರಿ.

ಕಾನೂನು ಏನು ಹೇಳುತ್ತದೆ ನೋಡೋಣ. ಧರ್ಮಸಭೆಯ ಕಾನೂನು ಪುಸ್ತಕವಾದ 1983ರ ಸಂಹಿತೆಯ 874ನೇ ವಿಧಿ ಐದು ಷರತ್ತು ಹಾಕುತ್ತದೆ. ಜ್ಞಾನತಂದೆ ಅಥವಾ ಜ್ಞಾನತಾಯಿಯನ್ನು ಸ್ನಾನ ಪಡೆಯುವವರು ಅಥವಾ ಹೆತ್ತವರು ಆರಿಸಿರಬೇಕು, ಅವರಿಗೆ ಈ ಹೊಣೆ ಹೊರುವ ಶಕ್ತಿ ಮತ್ತು ಮನಸ್ಸು ಇರಬೇಕು. 16 ವರ್ಷ ತುಂಬಿರಬೇಕು. ಕಥೋಲಿಕರಾಗಿದ್ದು, ದೃಢೀಕರಣ ಮತ್ತು ಪರಮಪ್ರಸಾದ ಪಡೆದಿರಬೇಕು, ಆ ಹೊಣೆಗೆ ತಕ್ಕ ವಿಶ್ವಾಸದ ಬಾಳು ಬಾಳುತ್ತಿರಬೇಕು. ಧರ್ಮಸಭೆಯ ದಂಡನೆಗೆ ಒಳಗಾಗಿರಬಾರದು. ಮಗುವಿನ ಸ್ವಂತ ಅಪ್ಪ ಅಮ್ಮ ಆಗಿರಬಾರದು. ಇಷ್ಟನ್ನು ನೀವೂ ಬರೆದಿದ್ದೀರಿ, ಸರಿಯಾಗಿಯೇ ಬರೆದಿದ್ದೀರಿ. ಆದರೆ ಎರಡೇ ವಿಧಿ ಹಿಂದೆ, 872ರಲ್ಲಿ, ಜ್ಞಾನತಂದೆ ಅಥವಾ ಜ್ಞಾನತಾಯಿ ‘ಆದಷ್ಟು ಮಟ್ಟಿಗೆ’ ಇರಲಿ ಅಂತಿದೆ. ಇರಲೇಬೇಕು ಅಂತಿಲ್ಲ. 875ರಲ್ಲಿ, ಅವರು ಇಲ್ಲದಿದ್ದರೆ ಸ್ನಾನ ಆಯಿತು ಅಂತ ಹೇಳಲು ಒಬ್ಬ ಸಾಕ್ಷಿಯಾದರೂ ಇರುವಂತೆ ನೋಡಿಕೊಳ್ಳಿ ಅಂತಿದೆ. ಜ್ಞಾನತಾಯಿ ಇಲ್ಲದೆಯೂ ಸ್ನಾನ ಸಿಂಧುವಾಗುತ್ತದೆ ಅಂದಮೇಲೆ, ಇರುವ ಜ್ಞಾನತಾಯಿಯ ಒಂದು ಕೊರತೆಯಿಂದ ಅದು ಹೇಗೆ ಬೀಳುತ್ತದೆ?

ಇದಕ್ಕೂ ಮೇಲೆ 10ನೇ ವಿಧಿ ಇದೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಒಂದು ಕೆಲಸ ಅಸಿಂಧು, ಒಬ್ಬ ವ್ಯಕ್ತಿ ಅನರ್ಹ ಅಂತ ಕಾನೂನು ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ಹಾಗೆ ಎನ್ನಬೇಕು ಅಂತ ಆ ವಿಧಿ ಹೇಳುತ್ತದೆ. ‘ಬೇಕು’ ಅಂತ ಇದ್ದ ಮಾತ್ರಕ್ಕೆ ‘ಇಲ್ಲದಿದ್ದರೆ ಅಸಿಂಧು’ ಅಂತ ನಾವು ಸೇರಿಸಿಕೊಳ್ಳುವ ಹಾಗಿಲ್ಲ. ನಿಮ್ಮ ಲೇಖನದ ಅರ್ಧದಷ್ಟು ಸಾಲುಗಳು ಈ ಒಂದು ವಿಧಿಯ ಮುಂದೆ ನಿಲ್ಲುವುದಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೋರ್ಟ್ ವರದಿ ನೋಡುವ ಒಬ್ಬ ಹಿರಿಯರಿದ್ದರು. ನನ್ನ ಪಾಲಿಗೆ ಬರುತ್ತಿದ್ದುದು ಸಹಕಾರ ಸಂಘ, ಪಂಚಾಯ್ತಿ ಸುದ್ದಿಗಳು. ನಿರ್ದೇಶಕರಾಗಲು ಇಂಥದ್ದು ಕಡ್ಡಾಯ, ಮತ ಹಾಕಲು ಇಂಥದ್ದು ಬೇಕು, ಇದೇ ಇರುತ್ತಿತ್ತು. ಬೇರೆಯವರ ಪ್ರತಿಯಲ್ಲಾಗಲಿ ನನ್ನದರಲ್ಲಾಗಲಿ ‘ಕಡ್ಡಾಯ’ ಅಂತ ಕಂಡ ಕೂಡಲೇ ಅವರು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಇಲ್ಲದಿದ್ದರೆ?’ ಅಂತ ಬರೆಯುತ್ತಿದ್ದರು. ಬೇರೇನೂ ಹೇಳುತ್ತಿರಲಿಲ್ಲ. ಸಂಘದ ಬೈಲಾ ಪುಸ್ತಕವನ್ನು ಮೇಜಿನ ಮೇಲಿಟ್ಟು ಟೀಗೆ ಹೋಗಿಬಿಡುತ್ತಿದ್ದರು. ನಾನು ಕೂತು ಹುಡುಕಬೇಕು. ಒಂದು ಕಡೆ ಇಲ್ಲದಿದ್ದರೆ ನಾಮಪತ್ರವೇ ಬಿದ್ದುಹೋಗುತ್ತದೆ. ಇನ್ನೊಂದು ಕಡೆ ದಂಡ ಕಟ್ಟಿದರೆ ಸಾಕು. ಮತ್ತೊಂದು ಕಡೆ ಕಾರ್ಯದರ್ಶಿ ಒಂದು ನೋಟಿಸ್ ಕೊಡುತ್ತಾನೆ, ಅಷ್ಟೆ. “ಮೂರೂ ಬೇರೆ ಬೇರೆ ಸುದ್ದಿ ಕಣಯ್ಯಾ, ಒಂದೇ ಹೆಡ್ಡಿಂಗ್ ಹಾಕಬೇಡ” ಅನ್ನುತ್ತಿದ್ದರು. ನಾನು ಈ ಕೆಲಸ ಕಲಿತದ್ದು ಅವರ ಆ ಕೆಂಪು ಪ್ರಶ್ನೆಯಿಂದ. ನಿಮ್ಮ ಪ್ರತಿಯ ಬದಿಯಲ್ಲಿ ನಾನು ಅದನ್ನೇ ಬರೆದಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಆ ಪ್ರಶ್ನೆ ಕೇಳಿದರೆ ನಿಮ್ಮ ವಿಷಯ ಎಷ್ಟು ರಂಗೇರುತ್ತದೆ ನೋಡಿ. ಜ್ಞಾನತಂದೆಗೆ ಐದು ಷರತ್ತು, ಆದರೂ ಅವರು ಇಲ್ಲದೆ ಸ್ನಾನ ನಡೆಯುತ್ತದೆ. ಮದುವೆಯ ಸಾಕ್ಷಿಗಳನ್ನು ತೆಗೆದುಕೊಳ್ಳಿ. ಅವರು ಕಥೋಲಿಕರೇ ಆಗಿರಬೇಕು, ದೃಢೀಕರಣ ಆಗಿರಬೇಕು, ಇಷ್ಟು ವಯಸ್ಸಾಗಿರಬೇಕು ಅಂತ ಸಂಹಿತೆ ಎಲ್ಲೂ ಕೇಳುವುದಿಲ್ಲ. ಕಣ್ಣೆದುರು ನಡೆದದ್ದನ್ನು ತಿಳಿದು ಹೇಳಬಲ್ಲವರಾದರೆ ಸಾಕು. ಪಕ್ಕದ ಮನೆಯ ಹಿಂದೂ ಗೆಳೆಯನೂ ನಿಲ್ಲಬಹುದು. ಆದರೆ 1108ನೇ ವಿಧಿಯ ಪ್ರಕಾರ, ಸಾಮಾನ್ಯ ಸಂದರ್ಭದಲ್ಲಿ, ಆ ಇಬ್ಬರು ಸಾಕ್ಷಿಗಳಿಲ್ಲದಿದ್ದರೆ ಮದುವೆಯೇ ಅಸಿಂಧು! ಅರ್ಹತೆಯ ಪಟ್ಟಿ ಉದ್ದವಿದ್ದ ಕಡೆ ಇಲ್ಲದಿದ್ದರೂ ನಡೆಯುತ್ತದೆ, ಪಟ್ಟಿಯೇ ಇಲ್ಲದ ಕಡೆ ಇಲ್ಲದಿದ್ದರೆ ನಡೆಯುವುದಿಲ್ಲ. ನಿಮ್ಮ ಲೇಖನಕ್ಕೆ ಬೇಕಾದ ಬೀಜ ಇಲ್ಲಿದೆ. ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ.

ಮೂರನೇ ಪುಟದ ಸಾಲು: “ಗುರುವೇ ಅಯೋಗ್ಯನಾಗಿದ್ದರೆ ಅವನ ಕೈಯಿಂದ ಬಂದ ಸಂಸ್ಕಾರಕ್ಕೆ ಬೆಲೆಯೇನು?” ಪ್ರಶ್ನೆ ಹಾಕಿ ಉತ್ತರ ಕೊಡದೆ ಮುಂದೆ ಹೋಗಿದ್ದೀರಿ. ಇದು ಧರ್ಮಸಭೆ ಜಗಳವಾಡಿ, ಒಡೆದು, ಉತ್ತರ ಕಂಡುಕೊಂಡ ಪ್ರಶ್ನೆ. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಹಿಂಸೆ ಶುರುವಾದಾಗ ಉತ್ತರ ಆಫ್ರಿಕಾದ ಕೆಲವು ಗುರುಗಳು ಜೀವಭಯದಿಂದ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟರು. ಆಮೇಲೆ ಅಲ್ಲಿನ ಕಾರ್ಥೇಜ್ ನಗರಕ್ಕೆ ಸಿಸಿಲಿಯಾನಸ್ ಎಂಬವನು ಬಿಷಪ್ ಆದಾಗ, ಅವನನ್ನು ಅಭಿಷೇಕಿಸಿದವರಲ್ಲಿ ಒಬ್ಬ ಹಾಗೆ ಗ್ರಂಥ ಒಪ್ಪಿಸಿದವನು ಎಂಬ ಆರೋಪ ಬಂತು. ಕೊಟ್ಟ ಕೈ ಕೊಳೆಯಾಗಿದ್ದರೆ ಪಡೆದ ಅಭಿಷೇಕವೂ ಇಲ್ಲ ಅಂತ ಒಂದು ಗುಂಪು ಹಟ ಹಿಡಿಯಿತು. ಅವರೇ ಡೊನಾಟಿಸ್ಟರು. 314ರಲ್ಲಿ ಆರ್ಲ್ ಪಟ್ಟಣದಲ್ಲಿ ಸೇರಿದ ಬಿಷಪ್‌ಗಳ ಸಭೆ ಒಪ್ಪಲಿಲ್ಲ. ಅಂಥವರಿಂದ ದೀಕ್ಷೆ ಪಡೆದವರು ಯೋಗ್ಯರಾಗಿದ್ದರೆ ಅವರ ದೀಕ್ಷೆಗೆ ಬಾಧೆಯಿಲ್ಲ ಅಂದಿತು. ಮುಂದೆ ಸಂತ ಅಗಸ್ಟೀನ್ ಇದೇ ವಾದವನ್ನು ಗಟ್ಟಿ ಮಾಡಿದ. ಪೇತ್ರ ಸ್ನಾನ ಕೊಟ್ಟರೂ ಕ್ರಿಸ್ತನಿಗೆ ದ್ರೋಹ ಬಗೆದ ಯೂದ ಕೊಟ್ಟರೂ ನಿಜವಾಗಿ ಕೊಡುವವನು ಕ್ರಿಸ್ತ ಅನ್ನೋದು ಅವನ ಮಾತಿನ ಸಾರ. ಗುರು ಯೋಗ್ಯನಾಗಿರಬೇಕು ಅನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಆದರೆ ಅವನ ಪಾಪದ ಸಾಲವನ್ನು ಮುಂದೆ ಮಂಡಿಯೂರಿದ ಬಡಪಾಯಿ ತೀರಿಸಬೇಕಾಗಿಲ್ಲ ಅಂತ ತೀರ್ಮಾನವಾಯಿತು. ಇಷ್ಟು ದೊಡ್ಡ ಕರುಣೆಯ ತೀರ್ಮಾನವನ್ನು ನೀವು ಒಂದು ಪ್ರಶ್ನಾರ್ಥಕ ಚಿಹ್ನೆಯಲ್ಲಿ ಮುಗಿಸಿಬಿಟ್ಟಿದ್ದೀರಲ್ಲ.

ನಿಜವಾಗಿ ಅಸಿಂಧುವಾದದ್ದರ ಉದಾಹರಣೆ ಬೇಕಾದರೆ ಅಮೆರಿಕದ ಡೆಟ್ರಾಯಿಟ್‌ಗೆ ಹೋಗಿ. 2020ರಲ್ಲಿ ಅಲ್ಲಿನ ಒಬ್ಬ ಯುವ ಗುರು ತಾನು ಕೂಸಾಗಿದ್ದಾಗಿನ ಜ್ಞಾನಸ್ನಾನದ ವಿಡಿಯೋ ನೋಡಿದರು. ಸ್ನಾನ ಕೊಟ್ಟ ಡೀಕನ್ (ಗುರುವಿಗಿಂತ ಕೆಳಗಿನ ದೀಕ್ಷೆಯ ಸೇವಕ) ‘ನಾನು ಕೊಡುತ್ತೇನೆ’ ಅನ್ನುವ ಕಡೆ ‘ನಾವು ಕೊಡುತ್ತೇವೆ’ ಅಂದಿದ್ದರು. ಹಾಗೆ ಹೇಳಿ ಕೊಟ್ಟ ಸ್ನಾನ ಅಸಿಂಧು ಅಂತ ವ್ಯಾಟಿಕನ್ ಅದೇ ವರ್ಷ ಆಗಸ್ಟ್‌ನಲ್ಲಿ ಪ್ರಕಟಿಸಿತ್ತು. ಸ್ನಾನ ಆಗದವನಿಗೆ ಗುರುದೀಕ್ಷೆಯೂ ಇಲ್ಲ. ಅವರು ಸ್ನಾನ, ದೃಢೀಕರಣ, ಗುರುದೀಕ್ಷೆ ಎಲ್ಲವನ್ನೂ ಮೊದಲಿನಿಂದ ಪಡೆಯಬೇಕಾಯಿತು. ಅವರು ಅಲ್ಲಿಯವರೆಗೆ ಅರ್ಪಿಸಿದ ಬಲಿಪೂಜೆಗಳು ಸಿಂಧುವಾಗಲಿಲ್ಲ. ಆದರೆ ಅವರು ಮಕ್ಕಳಿಗೆ ಕೊಟ್ಟಿದ್ದ ಜ್ಞಾನಸ್ನಾನಗಳು ಮಾತ್ರ ಸಿಂಧುವಾಗಿಯೇ ಉಳಿದವು! ಯಾಕೆಂದರೆ ನೀರು, ಸರಿಯಾದ ಮಾತು, ಸರಿಯಾದ ಉದ್ದೇಶ ಇದ್ದರೆ ಯಾರು ಕೊಟ್ಟ ಸ್ನಾನವೂ ಸ್ನಾನವೇ. ತುರ್ತಿನಲ್ಲಿ ಆಸ್ಪತ್ರೆಯ ನರ್ಸ್ ಕೂಡ ಕೊಡಬಹುದು, 861ನೇ ವಿಧಿ ನೋಡಿ. ನಿಮ್ಮ ಲೇಖನದಲ್ಲಿ ಇಂಥ ಒಂದು ಪ್ರಸಂಗವನ್ನು ಬಿಡಿಸಿಟ್ಟಿದ್ದರೆ ಓದುಗ ತಾನೇ ಅರ್ಥ ಮಾಡಿಕೊಳ್ಳುತ್ತಿದ್ದ, ಅಲ್ವಾ?

ನನಗೆ ಇನ್ನೂ ಜಾಸ್ತಿ ನೋವಾದದ್ದು ಈ ಸಾಲಿನಿಂದ: “ವಿಚ್ಛೇದನ ಪಡೆದವರು, ಪೂಜೆಗೆ ತಪ್ಪಿಸಿಕೊಳ್ಳುವವರು, ಗುರುಗಳ ಜೊತೆ ಜಗಳವಾಡಿದವರು ಎಂದಿಗೂ ಜ್ಞಾನತಂದೆಯಾಗಲಾರರು ಎಂದು ಸಭೆ ಹೇಳುತ್ತದೆ.” ಸಭೆ ಎಲ್ಲಿ ಹೇಳಿದೆ? 874ರಲ್ಲಿ ಇರುವುದು ‘ಹೊಣೆಗೆ ತಕ್ಕ ವಿಶ್ವಾಸದ ಬಾಳು’ ಅನ್ನುವ ಮಾತು. ಅದನ್ನು ತೂಗಿ ನೋಡುವವರು ಧರ್ಮಕೇಂದ್ರದ ಗುರುಗಳು. ಗಂಡ ಬಿಟ್ಟುಹೋದ ಹೆಂಗಸು ವಿಚ್ಛೇದನ ಆಗಿದೆ ಅನ್ನುವ ಒಂದೇ ಕಾರಣಕ್ಕೆ ಹೊರಗಾಗುವುದಿಲ್ಲ. ಹಿಂದಿನ ಮದುವೆಯ ಪ್ರಶ್ನೆ ಬಗೆಹರಿಯದೆ ಮರುಮದುವೆ ಆದಾಗ ಏಳುವ ಪ್ರಶ್ನೆಯೇ ಬೇರೆ. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಗುರುಗಳ ಜೊತೆ ಜಗಳ ಅನ್ನೋದಂತೂ ಕಾನೂನಲ್ಲೇ ಇಲ್ಲ, ಅದು ಊರಿನ ಮಾತು. 18ನೇ ವಿಧಿ, ಜನರ ಹಕ್ಕನ್ನು ಮಿತಿಗೊಳಿಸುವ ನಿಯಮಗಳನ್ನು ಬಿಗಿಯಾಗಿ, ಇದ್ದಷ್ಟೇ ಅರ್ಥದಲ್ಲಿ ಓದಬೇಕು ಅನ್ನುತ್ತದೆ. ನೀವು ಹಿಗ್ಗಿಸಿ ಓದಿದ್ದೀರಿ. ‘ಸಭೆ ಹೇಳುತ್ತದೆ’ ಅಂತ ಬರೆದಾಗಲೆಲ್ಲ ಯಾವ ವಿಧಿ, ಯಾವ ಬಿಷಪ್, ಯಾವ ವರ್ಷ ಅಂತ ಬರೆಯಿರಿ. ಬರೆಯಲು ಆಗದಿದ್ದರೆ ಸಾಲನ್ನು ತೆಗೆದುಬಿಡಿ.

ಅಂದಹಾಗೆ, ನಿಮ್ಮ ಚಿಕ್ಕಮ್ಮನ ವಿಷಯ. ವಯಸ್ಸಿನ ಷರತ್ತಿಗೆ ಗುರುಗಳೇ ವಿನಾಯಿತಿ ಕೊಡಬಹುದು ಅಂತ 874ರಲ್ಲಿದೆ. ದೃಢೀಕರಣದ ಷರತ್ತಿಗೆ ಅಲ್ಲಿ ಹಾಗೆ ಬರೆದಿಲ್ಲ. ಹಾಗಾಗಿ ಆಫೀಸಿನವರು ಹೇಳಿದ್ದು ಕಾನೂನಿಗೆ ಸರಿ. ಆದರೆ ದೊಡ್ಡವರಾದ ಮೇಲೂ ದೃಢೀಕರಣ ಪಡೆಯಬಹುದು ಅಂತ ಅವರಿಗೆ ಯಾರಾದರೂ ಹೇಳಿದರಾ? ಇದನ್ನು ನೀವು ಕೇಳಿ ಬರೆಯಬೇಕಿತ್ತು. ಆ ಭಾಗಕ್ಕೆ ಅಲ್ಲಿಂದ ಜೀವ ಬರುತ್ತದೆ.

ಕೊನೆಯದು: “ಈ ನಿಯಮಗಳು ಮೊದಲಿನಿಂದ ಬದಲಾಗದೆ ಬಂದಿವೆ.” 1917ರ ಸಂಹಿತೆ ತೆಗೆದು ನೋಡಿ. ಮದುವೆಯಾಚೆ ಹುಟ್ಟಿದವನು ಗುರುವಾಗಲು ಅಡ್ಡಿಯಿತ್ತು. ಮೂರ್ಛೆರೋಗ ಇದ್ದವನಿಗೆ ಅಡ್ಡಿ. ಮರಣದಂಡನೆ ಕೊಟ್ಟ ನ್ಯಾಯಾಧೀಶನಿಗೂ ಅಡ್ಡಿ, ನೇಣು ಹಾಕಿದವನಿಗೂ ಅಡ್ಡಿ. 1983ರ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ. ಪೂಜೆಯಲ್ಲಿ ವಾಚನ ಓದುವ ಸ್ಥಿರ ಸೇವೆ ಗಂಡಸರಿಗೆ ಮಾತ್ರ ಎಂದಿದ್ದ 230ನೇ ವಿಧಿಯನ್ನು ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ತಿದ್ದಿ ಹೆಂಗಸರಿಗೂ ತೆರೆದರು. ಅದೇ ವರ್ಷ ಇಟಲಿಯ ಸಿಸಿಲಿ ದ್ವೀಪದ ಕಟಾನಿಯ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ಆಡಳಿತದ ಪ್ರದೇಶ), ಜ್ಞಾನತಂದೆ, ಜ್ಞಾನತಾಯಿಯ ಹೊಣೆ ಬರೀ ಶೋಕಿ ಮತ್ತು ನಂಟಸ್ತಿಕೆಯ ಲೆಕ್ಕ ಆಗಿಹೋಗಿದೆ ಅಂತ ಮೂರು ವರ್ಷ ಅವರನ್ನು ಇಡುವ ಪದ್ಧತಿಯನ್ನೇ ತಡೆಹಿಡಿಯಿತು.

ಅಷ್ಟು ದೂರವೂ ಹೋಗಬೇಕಿಲ್ಲ. ಜ್ಞಾನತಂದೆ ಮತ್ತು ಸ್ನಾನ ಪಡೆದವಳ ನಡುವೆ ಮದುವೆ ಕೂಡದು ಅಂತ 1917ರ ಲ್ಯಾಟಿನ್ ಸಂಹಿತೆಯಲ್ಲಿತ್ತು, 1983ರಲ್ಲಿ ಅದನ್ನು ಬಿಟ್ಟರು. ಆದರೆ ಪೋಪರಿಗೇ ಒಳಪಟ್ಟ, ಸೀರೋ ಮಲಬಾರ್‌ನಂಥ ಪೂರ್ವದ ಸಭೆಗಳಿಗಾಗಿ 1990ರಲ್ಲಿ ಬಂದ ಸಂಹಿತೆಯ 811ನೇ ವಿಧಿ ಅದನ್ನು ಉಳಿಸಿಕೊಂಡಿದೆ, ಮಗುವಿನ ಹೆತ್ತವರ ಜೊತೆಗಿನ ಮದುವೆಯನ್ನೂ ಸೇರಿಸಿ. ಬೆಳ್ತಂಗಡಿಯಲ್ಲಿ ಮಂಗಳೂರು ಧರ್ಮಪ್ರಾಂತ್ಯದ ಲ್ಯಾಟಿನ್ ಚರ್ಚೂ ಇದೆ, 1999ರಲ್ಲಿ ಆದ ಸೀರೋ ಮಲಬಾರ್ ಧರ್ಮಪ್ರಾಂತ್ಯವೂ ಇದೆ. ಒಬ್ಬ ವಿಧವೆ ತನ್ನ ಮಗುವಿನ ಜ್ಞಾನತಂದೆಯನ್ನು ಮದುವೆಯಾಗಲು ಹೊರಟಳು ಅನ್ನಿ. ಇಬ್ಬರೂ ಲ್ಯಾಟಿನ್ ಚರ್ಚಿನವರಾದರೆ ದಾರಿ ಸಲೀಸು. ಸೀರೋ ಮಲಬಾರ್ ಚರ್ಚಿನವರಾದರೆ ವಿನಾಯಿತಿ ಪಡೆಯದೆ ಆದ ಆ ಮದುವೆ ಅಸಿಂಧು. ಒಂದೇ ಊರು, ಒಂದೇ ಪೋಪ್, ಎರಡು ಉತ್ತರ. ಇದನ್ನು ಬರೆಯಿರಿ. ಬೆಳ್ತಂಗಡಿಗೆ ಬಸ್ ಹತ್ತಿ, ಎರಡೂ ಕಡೆ ಗುರುಗಳನ್ನು ಕಂಡು ಮಾತಾಡಿ.

ಗುರು ಮತ್ತು ಬಿಷಪ್‌ರ ಪುಟಗಳನ್ನು ಪೂರ್ತಿ ತೆಗೆಯಿರಿ. ಬಿಷಪ್ ಆಗಲು 35 ವರ್ಷ ಆಗಿರಬೇಕು, ಗುರುವಾಗಿ ಐದು ವರ್ಷ ಕಳೆದಿರಬೇಕು ಅನ್ನೋದೆಲ್ಲ ಸರಿಯೇ, ಆದರೆ ಅದು ಬೇರೆ ಲೇಖನ. ಜ್ಞಾನತಾಯಿ ಮತ್ತು ಮದುವೆ ಸಾಕ್ಷಿ, ಇವೆರಡನ್ನೇ ಹಿಡಿದುಕೊಂಡು ಹೊಸದಾಗಿ ಬರೆದು ಕಳಿಸಿ. ಕಳಿಸುವ ಮುಂಚೆ ‘ಅಸಿಂಧು’ ಅಂತ ಬಂದ ಪ್ರತಿ ಕಡೆಯೂ ಬದಿಯಲ್ಲಿ ವಿಧಿಯ ಸಂಖ್ಯೆ ಬರೆದಿರಲಿ. ನಾನು ಒಂದೊಂದನ್ನೂ ತೆಗೆದು ನೋಡುತ್ತೇನೆ.