ಗೋಬರ್ ಗ್ಯಾಸನ್ನು ಖಾಲಿ ಎಲ್‌ಪಿಜಿ ಸಿಲಿಂಡರಿಗೆ ತುಂಬಬಹುದೇ?

ದಯವಿಟ್ಟು ತುಂಬಬೇಡಿ. ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ. ಬರೀ ‘ಅಪಾಯ’ ಎಂದು ಹೇಳಿ ಬಿಟ್ಟರೆ, ಹೀಗೆ ತುಂಬಿ ತೋರಿಸುವ, ಮೊಬೈಲಿನಲ್ಲಿ ಹರಿದಾಡುವ ವೀಡಿಯೊಗಳನ್ನು ಕಂಡಾಗ ಮತ್ತೆ ಆಸೆ ಹುಟ್ಟುವುದು ಸಹಜ.

ನೀವು ಬರೆದಿರುವುದು ಇಷ್ಟು: ಮೂಡಿಗೆರೆ ಬಳಿಯ ತೋಟದಲ್ಲಿ ಗೋಬರ್ ಗ್ಯಾಸ್ ಘಟಕವಿದೆ. ಸಗಣಿಯ ಜೊತೆಗೆ ಕಾಫಿ ಪಲ್ಪಿಂಗ್ ನೀರನ್ನೂ (ಕಾಫಿ ಹಣ್ಣಿನ ಸಿಪ್ಪೆ-ತಿರುಳು ಬಿಡಿಸುವಾಗ ಹೊರಬರುವ ನೀರು) ಬಿಡತೊಡಗಿದ ಮೇಲೆ ಅನಿಲ ಮಿಗುತ್ತಿದೆ. ಹಳೆಯ ಫ್ರಿಜ್ಜಿನ ಕಂಪ್ರೆಸರ್ ಬಳಸಿ ಅದನ್ನು ಸಿಲಿಂಡರಿಗೆ ತುಂಬಿ, ಹಾಸನದ ಮನೆಗೆ ಸಾಗಿಸಬಹುದೇ? ‘ಎರಡೂ ಹೈಡ್ರೋಕಾರ್ಬನ್‌ಗಳೇ ತಾನೆ’ ಎಂದೂ ಕೇಳಿದ್ದೀರಿ. ಹಾಸನದಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವನಾಗಿ ಈ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಡೀ ಉತ್ತರ ಅಲ್ಲೇ ಇದೆ.

ಎರಡರಲ್ಲೂ ಉರಿಯುವುದು ಹೈಡ್ರೋಕಾರ್ಬನ್, ಅಂದರೆ ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಸೇರಿ ಆದ ವಸ್ತು; ಒಂದೇ ಕುಟುಂಬ, ನಿಜ. ಆದರೆ ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್‌ನ ಅಣುವಿಗೆ ಒಂದೇ ಕಾರ್ಬನ್, ಅದಕ್ಕೆ ನಾಲ್ಕು ಹೈಡ್ರೋಜನ್. ಎಲ್‌ಪಿಜಿಯಲ್ಲಿರುವುದು ಮುಖ್ಯವಾಗಿ ಮೂರು ಕಾರ್ಬನ್‌ಗಳ ಪ್ರೊಪೇನ್ ಮತ್ತು ನಾಲ್ಕು ಕಾರ್ಬನ್‌ಗಳ ಬ್ಯೂಟೇನ್. ಈ ಕಾರ್ಬನ್‌ಗಳ ಸರಪಳಿ ಉದ್ದವಾದಂತೆ ಅಣುಗಳ ನಡುವಿನ ಸೆಳೆತ ಹೆಚ್ಚುತ್ತದೆ. ಸೆಳೆತ ಹೆಚ್ಚಿದಷ್ಟೂ ಅನಿಲ ಸುಲಭವಾಗಿ ದ್ರವವಾಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಮೀಥೇನ್ ಕುದಿಯುವುದು ಮೈನಸ್ 161 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಸರಪಳಿ ಇನ್ನೂ ಬೆಳೆದರೆ ಪೆಟ್ರೋಲ್, ಡೀಸೆಲ್, ಮೇಣದ ಬತ್ತಿಯ ಪ್ಯಾರಾಫಿನ್. ಸಾವಿರಾರು ಕಾರ್ಬನ್‌ಗಳವರೆಗೆ ಬೆಳೆದರೆ ಕೃಷಿ ಹೊಂಡಕ್ಕೆ ಹಾಸುವ ಪಾಲಿಥೀನ್ ಹಾಳೆ. ಹಾಳೆಯೂ ಹೈಡ್ರೋಕಾರ್ಬನ್ನೇ, ಆದರೂ ಅದನ್ನು ಯಾರೂ ಒಲೆಗೆ ಬಿಡುವುದಿಲ್ಲವಲ್ಲ!

ಅಡುಗೆಮನೆಯ ಸಿಲಿಂಡರನ್ನೇ ಒಮ್ಮೆ ಗಮನಿಸಿ. ಮದುವೆಮನೆಯಲ್ಲಿ ದೊಡ್ಡ ಒಲೆ ಹೊತ್ತುಗಟ್ಟಲೆ ಉರಿಯುತ್ತಿರುವಾಗ ಸಿಲಿಂಡರಿನ ಕೆಳಭಾಗ ಮುಟ್ಟಿದರೆ ತಣ್ಣಗಿರುತ್ತದೆ. ಹೊರಮೈಯಲ್ಲಿ ಸಣ್ಣ ಹನಿಗಳು ಕಟ್ಟಿರುತ್ತವೆ, ಮತ್ತು ಆ ಹನಿಗಳು ಒಂದು ಮಟ್ಟದವರೆಗೆ ಮಾತ್ರ ಇರುತ್ತವೆ. ಒಳಗೆ ದ್ರವ ನಿಂತಿರುವುದು ಅಲ್ಲಿಯವರೆಗೆ. ಆ ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರಿನ ಗೋಡೆಯಿಂದಲೇ ಎಳೆದುಕೊಳ್ಳುವುದರಿಂದ ಹೊರಗಿನ ತೇವಾಂಶ ಅಲ್ಲಿ ಹನಿಯಾಗುತ್ತದೆ. ಅಂದರೆ ನೀವು ಮನೆಗೆ ತರುವ 14.2 ಕಿಲೋ ಬಹುಪಾಲು ದ್ರವ. ಒಂದು ಲೀಟರ್ ದ್ರವ ಎಲ್‌ಪಿಜಿ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಸಿಲಿಂಡರ್ ಅಷ್ಟು ದಿನ ಬಾಳಿಕೆ ಬರುವುದು ಇದರಿಂದ.

ಹಾಗಾದರೆ ಮೀಥೇನನ್ನೂ ಒತ್ತಿ ದ್ರವ ಮಾಡಬಾರದೇಕೆ? ಹತ್ತೊಂಬತ್ತನೆಯ ಶತಮಾನದ ದೊಡ್ಡ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಯೂ ಇದೇ. ಹಲವು ಅನಿಲಗಳನ್ನು ದ್ರವವಾಗಿಸಿದ ಮೈಕೆಲ್ ಫ್ಯಾರಡೆಗೂ ಮೀಥೇನ್ ಮಣಿಯಲಿಲ್ಲ. ಕೊನೆಗೆ 1869ರಲ್ಲಿ ರಸಾಯನಶಾಸ್ತ್ರಜ್ಞ ಥಾಮಸ್ ಆಂಡ್ರ್ಯೂಸ್ ಕಾರ್ಬನ್ ಡೈಆಕ್ಸೈಡ್ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು: ಪ್ರತಿ ಅನಿಲಕ್ಕೂ ಒಂದು ಕ್ರಿಟಿಕಲ್ ತಾಪಮಾನವಿದೆ, ಅದಕ್ಕಿಂತ ಬಿಸಿಯಾಗಿದ್ದರೆ ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ. ಬ್ಯೂಟೇನ್‌ಗೆ ಇದು 152 ಡಿಗ್ರಿ, ಪ್ರೊಪೇನ್‌ಗೆ 97, ಎರಡು ಕಾರ್ಬನ್‌ಗಳ ಈಥೇನ್‌ಗೆ 32, ಮೀಥೇನ್‌ಗೆ ಮೈನಸ್ 82. ಈ ಸಾಲನ್ನು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುವಾಗಲೆಲ್ಲ ನನಗೆ ಖುಷಿಯಾಗುತ್ತದೆ. ಡಿಸೆಂಬರಿನ ಮೂಡಿಗೆರೆಯಲ್ಲಿ ಈಥೇನ್ ಒತ್ತಡಕ್ಕೆ ದ್ರವವಾದೀತು, ಏಪ್ರಿಲ್ ಮಧ್ಯಾಹ್ನದ ಹಾಸನದಲ್ಲಿ ಆಗದು. ಮೀಥೇನ್ ಮಾತ್ರ ಮುಳ್ಳಯ್ಯನಗಿರಿಯ ತುದಿಯಲ್ಲೂ, ಯಾವ ಚಳಿಗಾಲದಲ್ಲೂ ಆಗದು.

ಈಗ ಲೆಕ್ಕಕ್ಕೆ ಬನ್ನಿ. ಒಂದು ಘನಮೀಟರ್ ಗೋಬರ್ ಗ್ಯಾಸ್ ಕೊಡುವ ಶಾಖ ಅರ್ಧ ಕಿಲೋ ಎಲ್‌ಪಿಜಿಗಿಂತ ತುಸು ಕಡಿಮೆ, ಏಕೆಂದರೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ಉರಿಯದ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಒಂದು ಸಿಲಿಂಡರ್ ಎಲ್‌ಪಿಜಿಗೆ ಸಮನಾಗಬೇಕಾದರೆ 30 ಘನಮೀಟರಿಗೂ ಹೆಚ್ಚು ಬೇಕು. ಸಿಲಿಂಡರಿನ ಒಳಗಿನ ಜಾಗ ಸುಮಾರು 33 ಲೀಟರ್. ಎಲ್‌ಪಿಜಿ ಸಾಮಾನ್ಯವಾಗಿ ಇರುವ ಒತ್ತಡಕ್ಕೇ ನೀವು ತುಂಬಿದರೆ ಒಳಗೆ ಹೋಗುವುದು ಹೆಚ್ಚೆಂದರೆ ಕಾಲು ಘನಮೀಟರ್. ಒಂದು ಬರ್ನರ್ ಒಂದು ಗಂಟೆ ಉರಿದರೆ ಮುಗಿಯಿತು. ಇಷ್ಟಕ್ಕಾಗಿ ಹಾಸನದವರೆಗೆ ಅದನ್ನು ಹೊತ್ತು ತರುವುದೇ? ಹೆಚ್ಚು ತುಂಬಲು ಒತ್ತಡ ಏರಿಸಿದರೆ ಸಿಲಿಂಡರ್ ತಡೆಯದು. ವಾಹನಗಳ ಸಿಎನ್‌ಜಿ ಟ್ಯಾಂಕಿನಲ್ಲಿ ಮೀಥೇನ್ 200 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಿನಲ್ಲಿ ಇರುತ್ತದೆ. ಅದಕ್ಕೆಂದೇ ಆ ಟ್ಯಾಂಕನ್ನು ದಪ್ಪ ಗೋಡೆಯಿಟ್ಟು ಕಟ್ಟಿರುತ್ತಾರೆ. ಅಡುಗೆ ಸಿಲಿಂಡರ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಫ್ರಿಜ್ಜಿನ ಕಂಪ್ರೆಸರ್ ವಿಚಾರ ನನಗೆ ನಿಜಕ್ಕೂ ಭಯ ಹುಟ್ಟಿಸಿತು. ಕೊಳವೆಯ ಜೋಡಣೆಯಲ್ಲಿ ಎಲ್ಲಾದರೂ ಗಾಳಿ ಎಳೆದುಕೊಂಡು ಮೀಥೇನ್ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಬಂದರೆ ಆ ಮಿಶ್ರಣಕ್ಕೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಅದರ ಮೇಲೆ ನಿಮ್ಮ ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದೆ, ತೇವಾಂಶವೂ ಇದೆ. ಎರಡೂ ಸೇರಿ ಉಕ್ಕನ್ನು ಒಳಗಿನಿಂದ ತಿನ್ನುತ್ತವೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಾನೂನೂ ಒಪ್ಪುವುದಿಲ್ಲ. ಅನಿಲ ಸಿಲಿಂಡರ್ ನಿಯಮಗಳು, 2016ರ ಪ್ರಕಾರ ಸಿಲಿಂಡರಿಗೆ ಅನಿಲ ತುಂಬಲು ಪರವಾನಗಿ ಬೇಕು.

ಮಿಕ್ಕಿದ್ದನ್ನು ತೋಟದಲ್ಲೇ ಬಳಸುವುದು ಜಾಣತನ. ಕಾರ್ಮಿಕರ ಮನೆಗಳು ಹತ್ತಿರವಿದ್ದರೆ ಅಲ್ಲಿಗೆ ಪೈಪ್ ಎಳೆಯಿರಿ. ತಗ್ಗಿನಲ್ಲಿ ನೀರು ಕಟ್ಟದಂತೆ ಇಳಿಜಾರು ಕೊಡಿ. ಒಲೆ ಗೋಬರ್ ಗ್ಯಾಸಿನದೇ ಆಗಿರಲಿ, ಎಲ್‌ಪಿಜಿ ಒಲೆಯ ಸಣ್ಣ ಜೆಟ್‌ನಲ್ಲಿ (ಅನಿಲ ಹೊರಬರುವ ರಂಧ್ರ) ಇದು ಸರಿಯಾಗಿ ಉರಿಯುವುದಿಲ್ಲ. ಡೀಸೆಲ್ ಎಂಜಿನ್ ಇದ್ದರೆ, ಒಳಹೋಗುವ ಗಾಳಿಯೊಂದಿಗೆ ಈ ಅನಿಲವನ್ನು ಬೆರೆಸಿ ಡೀಸೆಲ್ ಖರ್ಚನ್ನು ಗಣನೀಯವಾಗಿ ಇಳಿಸಬಹುದು. ಆದರೆ ಜೋಡಣೆಯನ್ನು ತಿಳಿದವರಿಂದಲೇ ಮಾಡಿಸಿ, ಅನಿಲ ಎಂಜಿನ್ನಿಗೆ ಹೋಗುವ ಮುನ್ನ ತುಕ್ಕು ಹಿಡಿದ ಕಬ್ಬಿಣದ ಚೂರಿನ ಮೂಲಕ ಹಾಯಿಸಿ ಸಲ್ಫೈಡ್ ತೆಗೆಸಿ. ಏನೂ ಆಗದಿದ್ದರೆ ಅನಿಲವನ್ನು ಹೊರಗೆ ಬಿಡದೆ ಉರಿಸಿಬಿಡಿ. ವಾತಾವರಣವನ್ನು ಬಿಸಿಯಾಗಿಸುವುದರಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ ಹಲವು ಪಟ್ಟು ಕೆಟ್ಟದ್ದು.

ನೀವು ಕೇಳದಿದ್ದರೂ ಇನ್ನೊಂದು ಮಾತು: ಪಲ್ಪಿಂಗ್ ನೀರು ಹುಳಿಯುತ್ತದೆ. ಹಾಗೇ ಬಿಟ್ಟರೆ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು ಸೊರಗಿ, ಕೆಲವೇ ವಾರಗಳಲ್ಲಿ ಅನಿಲ ನಿಂತುಹೋದೀತು. ಸುಣ್ಣ ಹಾಕಿ ಹುಳಿ ಮುರಿದು, ಸ್ವಲ್ಪ ಸ್ವಲ್ಪವಾಗಿ ಬಿಡಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ನಿಮಗೆ ದೂರವೇನಲ್ಲ, ಒಮ್ಮೆ ಹೋಗಿ ವಿಚಾರಿಸಿ. ಘಟಕ ಎಷ್ಟು ಘನಮೀಟರಿನದು, ಕಾರ್ಮಿಕರ ಮನೆಗಳು ಎಷ್ಟು ದೂರದಲ್ಲಿವೆ ಎಂದು ಬರೆದರೆ ಪೈಪಿನ ಅಳತೆಯನ್ನು ಲೆಕ್ಕ ಹಾಕಿ ಕೊಡುತ್ತೇನೆ.