ಡೇಲಿಯಾ ಗೆಡ್ಡೆಗಳನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ಮಾನ್ಯರೇ, ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿರುವ ನಾನು ಬಾಲ್ಕನಿಯ ಆರು ಕುಂಡಗಳಲ್ಲಿ ಡೇಲಿಯಾ ಬೆಳೆಸುತ್ತೇನೆ. ಕಳೆದ ವರ್ಷ ಹೂವು ಮುಗಿದ ಮೇಲೆ ಗೆಡ್ಡೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಜುಲೈ ಹೊತ್ತಿಗೆ ಅರ್ಧದಷ್ಟು ಕೊಳೆತವು. ಉಳಿದವುಗಳನ್ನು ಬಿಡಿಸಿ ನೆಟ್ಟರೆ, ದಪ್ಪಗಿದ್ದ ಗೆಡ್ಡೆಗಳೂ ಮೊಳೆಯಲಿಲ್ಲ. ಚಳಿಗಾಲಕ್ಕೆ ಮೊದಲು ಕಿತ್ತಿಡಬೇಕೆಂದು ಓದಿದ್ದೇನೆ, ಆದರೆ ಇಲ್ಲಿ ಚಳಿಗಾಲದಲ್ಲೇ ಹೂವು ಬರುತ್ತದಲ್ಲ?
– ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ನಿಮ್ಮ ಸಂದೇಹ ಸರಿಯಾದದ್ದೇ. ಚಳಿಗಾಲಕ್ಕೆ ಮೊದಲು ಕೀಳಬೇಕೆಂಬ ಸಲಹೆ ನೆಲವೇ ಹೆಪ್ಪುಗಟ್ಟುವ ದೇಶಗಳದ್ದು. ಮೆಕ್ಸಿಕೋದ ಬೆಟ್ಟನಾಡಿನ ಈ ಗಿಡದ ಗೆಡ್ಡೆ ಹಿಮಕ್ಕೆ ಸಿಕ್ಕರೆ ಸಾಯುತ್ತದೆ. ಪುಣೆಯಲ್ಲಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನೆಟ್ಟ ಗಿಡ ಡಿಸೆಂಬರಿನಿಂದ ಫೆಬ್ರವರಿವರೆಗೆ ಹೂವು ಕೊಡುತ್ತದೆ; ಎಂಪ್ರೆಸ್ ಗಾರ್ಡನ್ನಿನ ಜನವರಿಯ ಪುಷ್ಪ ಪ್ರದರ್ಶನ ನಡೆಯುವುದೂ ಈ ಕಾಲದಲ್ಲೇ. ಇಲ್ಲಿ ಗೆಡ್ಡೆ ದಾಟಬೇಕಾದದ್ದು ಏಪ್ರಿಲ್-ಮೇ ತಿಂಗಳ ಸೆಕೆಯನ್ನು, ಆಮೇಲೆ ಮಳೆಗಾಲದ ತೇವವನ್ನು.

ಹೂವು ಮುಗಿಯುತ್ತಿದ್ದಂತೆ ಗಿಡವನ್ನು ಕತ್ತರಿಸಬೇಡಿ. ಹಸಿರೆಲೆ ಇರುವಷ್ಟು ದಿನ ಗೆಡ್ಡೆಗೆ ಆಹಾರ ಇಳಿಯುತ್ತಿರುತ್ತದೆ. ನೀರನ್ನು ಕ್ರಮೇಣ ಕಡಿಮೆ ಮಾಡಿ, ಎಲೆಗಳು ಹಳದಿಯಾಗಿ ಒಣಗಿದ ಮೇಲೆ ಕಾಂಡವನ್ನು ನಾಲ್ಕೈದು ಅಂಗುಲ ಉಳಿಸಿ ಕತ್ತರಿಸಿ, ವಾರ ಬಿಟ್ಟು ಇಡೀ ಬುಡವನ್ನು, ಗೆಡ್ಡೆ ಕಾಂಡಕ್ಕೆ ಸೇರುವ ಕತ್ತು ಮುರಿಯದಂತೆ ಮೆಲ್ಲಗೆ ಮೇಲೆತ್ತಿ. ಡೇಲಿಯಾದ ಕಾಂಡ ಟೊಳ್ಳು, ಅದರೊಳಗೆ ನಿಂತ ನೀರು ನೇರವಾಗಿ ಬುಡಕ್ಕಿಳಿದು ಕೊಳೆಸುತ್ತದೆ. ಆದ್ದರಿಂದ ಬುಡವನ್ನು ತಲೆಕೆಳಗಾಗಿಸಿ ನೆರಳಿನಲ್ಲಿ ನಾಲ್ಕೈದು ದಿನ ಆರಲು ಬಿಡಬೇಕು. ಹೂವಿನ ಬಣ್ಣ ಯಾವುದೆಂದು ಬರೆದ ಚೀಟಿಯನ್ನು ಆಗಲೇ ಕಾಂಡಕ್ಕೆ ಕಟ್ಟಿಡಿ.

ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಗೆಡ್ಡೆಯ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ನಿಮ್ಮ ಗೆಡ್ಡೆಗಳು ಕೊಳೆತದ್ದು ಬಹುಶಃ ಇದರಿಂದಲೇ. ತೀರಾ ಒಣಗಾಳಿಗಿಟ್ಟರೂ ಅವು ಸುಕ್ಕಿಹೋಗುತ್ತವೆ. ಹಾಗಾಗಿ ಮಣ್ಣಿನ ಕುಂಡದಲ್ಲಿ ಒಣ ಮರಳು ಇಲ್ಲವೇ ಒಣಗಿಸಿದ ತೆಂಗಿನ ನಾರಿನ ಪುಡಿಯ ನಡುವೆ ಒಂದಕ್ಕೊಂದು ತಾಗದಂತೆ ಹೂತು, ಮನೆಯಲ್ಲಿ ಅತ್ಯಂತ ತಂಪಾದ ಮೂಲೆಯಲ್ಲಿ ನೆಲದ ಮೇಲೆಯೇ ಇಡಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಸುಕ್ಕಾಗಿದ್ದರೆ ಕೈಯಿಂದ ನೀರು ಚಿಮುಕಿಸಿ, ಮೆತ್ತಗಾದ ಭಾಗವನ್ನು ಗಟ್ಟಿ ತಿರುಳು ಸಿಗುವವರೆಗೆ ಕತ್ತರಿಸಿ ಒಣಗಿಸಿ. ಮುಂಬಯಿ, ಗೋವೆಯ ಓದುಗರು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡುವುದು ಒಳ್ಳೆಯದು, ಕರಾವಳಿಯ ತೇವ ಅಷ್ಟು ಬಲವಾದದ್ದು.

ದಪ್ಪ ಗೆಡ್ಡೆಗಳು ಮೊಳೆಯದಿದ್ದ ಕಾರಣ ಬೇರೆ. ಆಲೂಗಡ್ಡೆಯ ಮೈಯೆಲ್ಲ ಕಣ್ಣುಗಳಿರುತ್ತವೆ, ಏಕೆಂದರೆ ಅದು ಮಾರ್ಪಟ್ಟ ಕಾಂಡ. ಡೇಲಿಯಾದ್ದು ಉಬ್ಬಿದ ಬೇರು, ಅದರಲ್ಲಿ ಕಣ್ಣಿಲ್ಲ. ಕಣ್ಣಿರುವುದು ಹಳೆಯ ಕಾಂಡ ಸೇರುವ ಕತ್ತಿನ ಮೇಲೆ ಮಾತ್ರ. ಬಿಡಿಸುವಾಗ ಕತ್ತು ಮುರಿದ ಗೆಡ್ಡೆಯನ್ನು ಎಷ್ಟು ಅಕ್ಕರೆಯಿಂದ ನೆಟ್ಟರೂ ಬೇರು ಬಿಟ್ಟೀತೇ ಹೊರತು ಚಿಗುರದು. ಅದಕ್ಕಾಗಿ ಇಡೀ ಗೊಂಚಲನ್ನೇ ಕಾಪಾಡಿ, ಆಗಸ್ಟ್ ಕೊನೆಯಲ್ಲಿ ಕತ್ತು ಮೇಲೆ ಕಾಣುವಂತೆ ತೇವದ ನಾರುಪುಡಿಯಲ್ಲಿಟ್ಟು, ಕಣ್ಣು ಕಾಣಿಸಿದ ಮೇಲೆಯೇ ಪ್ರತಿ ತುಂಡಿಗೂ ಒಂದು ಕಣ್ಣು ಬರುವಂತೆ ಹರಿತವಾದ ಚಾಕುವಿನಿಂದ ಹೋಳು ಮಾಡಿ.

ಚಿಗುರು ಮೂರು ಅಂಗುಲವಾದಾಗ ಅದನ್ನೇ ಕತ್ತರಿಸಿ ತೇವದ ಮರಳಿನಲ್ಲಿ ನೆಟ್ಟರೆ ಎರಡು-ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಈ ವರ್ಷ ಒಂದೇ ಗೊಂಚಲು ಉಳಿದಿದ್ದರೂ ನಿಮ್ಮ ಆರು ಕುಂಡಗಳನ್ನು ಹೀಗೆ ಮತ್ತೆ ತುಂಬಿಸಬಹುದು.