ಕೊನ್ನಕೋಲ್ (ತಾಳದ ಜತಿಗಳನ್ನ ಬಾಯಲ್ಲಿ ಹೇಳೋದು) ಗೊತ್ತಿದ್ರೆ ಪಿಯಾನೋ ಸಂಗೀತಕಾರ ಶೋಪಾನ್‌ನ 4ಕ್ಕೆ 3 ಸುಲಭ ಆಗುತ್ತಾ?

ಆಗಲ್ಲ. ನನಗಂತೂ ಅದೇ ಮುಳುವಾಯ್ತು. ಅವನ ಫಾಂಟೇಸಿ ಇಂಪ್ರಾಂಪ್ಟು ಅನ್ನೋ ಪೀಸ್ ತಾನೇ ನೀವು ಹೇಳ್ತಿರೋದು, ಒಂದೇ ಬೀಟಲ್ಲಿ ಎಡಗೈ ಮೂರು ಸ್ವರ, ಬಲಗೈ ನಾಲ್ಕು? ನಾನೂ ಮೃದಂಗ ಕಲ್ತು ಆಮೇಲೆ ಪಿಯಾನೋಗೆ ಬಂದವಳು, ತಕಿಟ (ಮೂರು) ಮೇಲೆ ತಕಧಿಮಿ (ನಾಲ್ಕು) ತಾನೇ, ಏನ್ ಮಹಾ ಅಂತ ಸೊಕ್ಕು ಬೇರೆ.

ಬೀಟನ್ನ 12 ಭಾಗ ಮಾಡ್ಕೊಂಡೆ. ಎಡಗೈ 1, 5, 9ಕ್ಕೆ, ಬಲಗೈ 1, 4, 7, 10ಕ್ಕೆ. ಲೆಕ್ಕ ಸರಿನೇ ಇದೆ, ತಪ್ಪಿದ್ದು ಅದನ್ನೇ ತಿಂಗಳುಗಟ್ಟಲೆ ಮೆಟ್ರೋನೋಮ್ (ಬೀಟ್ ಬಡಿಯೋ ಯಂತ್ರ) ಇಟ್ಕೊಂಡು ಮೆಲ್ಲಗೆ ಬಾರಿಸಿದ್ದು. 4 ಆದ ತಕ್ಷಣ 5, 9 ಆದ ತಕ್ಷಣ 10 ಬರುತ್ತಲ್ಲ, ಅಲ್ಲಿ ಎರಡೂ ಕೈ ಒಂದಕ್ಕೊಂದು ಅಂಟ್ಕೊಂಡು 'ಟಕ್, ಟಟ, ಟಕ್, ಟಟ' ಅಂತ ಒಂದೇ ಪಾಠ ಆಗ್ಹೋಯ್ತು, ಸ್ಪೀಡ್ ಏರಿಸಿದ್ರೂ ಬಿಡಲಿಲ್ಲ, ಥೇಟ್ ಹೊಲಿಗೆ ಮೆಷಿನ್. ಮೇಲಿಂದ ಪ್ರತಿ ಬೀಟಿಗೂ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಬಿದ್ದಂಗೆ ಒಂದು ಗುದ್ದು. ಪರೀಕ್ಷೆಯ ಮಾರ್ಕ್ಸ್ ಶೀಟಲ್ಲಿ ಲಯ ಚೆನ್ನಾಗಿದೆ, ಹಾಡೋದಿಲ್ಲ ಅಂತ ಬರ್ದಿದ್ರು, ಡಿಸ್ಟಿಂಕ್ಷನ್ ಹೋಯ್ತು.

ಆ ಪೀಸಿನ ಐದನೇ ಬಾರ್ (ನಮ್ಮ ಆವರ್ತದ ಥರ) ತೆಗ್ದು ನೋಡಿ. ಬಲಗೈ ಒಳಗೆ ಬರೋ ಜಾಗದಲ್ಲಿ ಮೊದಲ ಸ್ವರನೇ ಇಲ್ಲ, ರೆಸ್ಟ್, ಅಂದ್ರೆ ಮೌನ. ಎಡಗೈ ಬೀಟಿಗೆ ಸರಿಯಾಗಿ ಇಳಿಯುತ್ತೆ, ಬಲಗೈ ಒಂಚೂರು ತಡವಾಗಿ ಜಾರ್ಕೊಂಡು ಬರುತ್ತೆ. ನಾನು ಗುದ್ದುತ್ತಿದ್ದ ಸಮನ ಶೋಪಾನ್ ಅಲ್ಲಿ ಬೇಕಂತಲೇ ಖಾಲಿ ಬಿಟ್ಟಿದ್ದಾನೆ! ಈ ಪೀಸಿನ ತಳಮಳ ಹುಟ್ಟೋದು ಎರಡು ಕೈಗಳೂ ಒಂದಕ್ಕೊಂದು ಕಾಯದೆ ಹೋಗೋದ್ರಿಂದ, 12ರ ಲೆಕ್ಕದಿಂದ ಅಲ್ಲ.

ಅದಕ್ಕೇ ಲೆಕ್ಕನ ಕಾಗದದ ಮೇಲೆ ಒಂದ್ಸಲ ಬರ್ದು ಬಿಟ್ಹಾಕಿ. ಎಡಗೈ ಒಂದನ್ನೇ, ಮನೆಯವರ ಜೊತೆ ಮಾತಾಡ್ತಾ ಬಾರ್ಸೋಕೆ ಆಗೋವರೆಗೂ ಬಾರ್ಸಿ. ಬಲಗೈನೂ ಬೇರೆಯಾಗೇ. ಆಮೇಲೆ ಸ್ವಲ್ಪ ಸ್ಪೀಡಲ್ಲೇ ಸೇರ್ಸಿ, ಬೀಟಿಂದ ಬೀಟಿಗೆ ಕೇಳಿಸ್ಕೊಳ್ಳಿ ಸಾಕು, ನಡುವೆ ಗಲೀಜಾದ್ರೆ ಆಗ್ಲಿ. ಇಲ್ಲ ನಾನು ಎಣಿಸೇ ಎಣಿಸ್ತೀನಿ ಅಂದ್ರೆ ಅವನದೇ ಓಪಸ್ 9ರ ಮೊದಲನೇ ನಾಕ್ಟರ್ನ್ ಅನ್ನೋ ಪೀಸ್ ಇದೆ, ಒಂದು ಕಡೆ ಎಡಗೈ 6ಕ್ಕೆ ಬಲಗೈ 11, ಅದನ್ನ 66 ಭಾಗ ಮಾಡ್ತೀರಾ?

ಇನ್ನೊಂದು, ಶುರುವಿಗೆ ಈ ಪೀಸೇ ಬೇಡ. 1834ರಲ್ಲಿ ಬರ್ದಿದ್ದನ್ನ ಅವನು ಬದುಕಿರೋವರೆಗೂ ಅಚ್ಚು ಹಾಕಿಸ್ಲೇ ಇಲ್ಲ, ಬಂದಿದ್ದು 1855ರಲ್ಲಿ, ನಾವೆಲ್ಲ ಅದ್ರ ಹಿಂದೆನೇ ಬೀಳ್ತೀವಿ. ಅವನ 1839ರ ಮೂರು ಹೊಸ ಎಟ್ಯೂಡ್‌ಗಳಲ್ಲಿ (ಅಭ್ಯಾಸದ ಪೀಸ್‌ಗಳು) ಮೊದಲನೇದು, ಎಫ್ ಮೈನರ್, ಅದನ್ನ ತಗೊಳ್ಳಿ. ಅಲ್ಲಿ ಬಲಗೈಗೆ ಮೂರು, ಎಡಗೈಗೆ ನಾಲ್ಕು, ಸ್ಪೀಡೂ ಕಮ್ಮಿ, ಹಾಡ್ತಿದೀರೋ ಎಣಿಸ್ತಿದೀರೋ ಎರಡೇ ಸಾಲಲ್ಲಿ ಗೊತ್ತಾಗ್ಬಿಡುತ್ತೆ.